ಕೂಸಿನ ಖೋಲಿ

ಮೂಡಲಗಿ
೯ ಜನವರಿ ೧೯೩೯

ಅಕ್ಕಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಬೇಕೆಂದು ಕುಳಿತಾಗಲೆಲ್ಲ ಅನಂತಮತಿ ಏಳುತ್ತಾಳೆ. ಏಳು ತಿಂಗಳಾದರೂ ಈ ಹುಡುಗಿಗೆ ನಿದ್ದೆಯ ರೂಢಿಯೇ ಆಗಿಲ್ಲ. ಎದ್ದಾಗ ಎತ್ತಿಕೊಂಡು ತಿರುಗುತ್ತೇನೆ. ಮಲಗಿದಾಗ ಉಸಿರಾಡುತ್ತಾಳೋ ಇಲ್ಲವೋ ಎಂದು ನೋಡುತ್ತ ಕೂಡುತ್ತೇನೆ. ಮೊನ್ನೆ ಒಲೆಯ ಮುಂದೆ ಕುಳಿತಲ್ಲೇ ಕಣ್ಣು ಮುಚ್ಚಿತು, ರೊಟ್ಟಿ ಕರಕಾಯಿತು. ಅತ್ತೆಯವರು ಬಂದು ತೋಳು ಹಿಡಿದು ಅಲುಗಿಸಿ, "ಪರೀಕ್ಷಾಕ್ಕ ರಾತ್ರೆಲ್ಲ ಎದ್ದು ಓದಿದಾಕಿ, ಒಂದು ಕೂಸಿಗೆ ಸೋತೆಲ್ಲ" ಎಂದು ನಕ್ಕರು.

ಈಗ ಸುದ್ದಿ. ನನಗೆ ಕೆಲಸ ಸಿಕ್ಕಿದೆ. ಇವರು ಗುಮಾಸ್ತರಾಗಿರುವ ಪಾಯಪ್ಪ ಸಾವ್ಕಾರರ ಹತ್ತಿ ಬಿಡಿಸುವ ಜಿನ್ನಿನಲ್ಲೇ. ಸುಗ್ಗಿಯಲ್ಲಿ ಅಲ್ಲಿಗೆ ಸುತ್ತಲಿನ ಹಳ್ಳಿಗಳಿಂದ ಎಷ್ಟೊಂದು ಹೆಣ್ಣುಮಕ್ಕಳು ಬರುತ್ತಾರೆಂದು ನಿನಗೆ ಗೊತ್ತಿದೆ. ಮೊಲೆ ಬಿಡದ ಕೂಸುಗಳನ್ನು ಸೀರೆಯಲ್ಲಿ ಕಟ್ಟಿಕೊಂಡು ಬಂದು, ಅಂಗಳದ ಹುಣಸೆ ಗಿಡದ ಕೆಳಗೆ ಮಲಗಿಸಿ ಒಳಗೆ ಹೋಗುತ್ತಾರೆ. ಹೋದ ಸುಗ್ಗಿಯಲ್ಲಿ ಬಂದ ಸರಕಾರಿ ಇನಸ್ಪೆಕ್ಟರ ಸಾಹೇಬ, ಇಷ್ಟು ಹೆಂಗಸರು ದುಡಿಯುವಲ್ಲಿ ಕೂಸುಗಳಿಗೆ ಒಂದು ಖೋಲಿ ಇರಲೇಬೇಕು, ಅದನ್ನು ನಡೆಸಲು ತಿಳಿದವರೊಬ್ಬರು ಬೇಕು ಎಂದು ಹೇಳಿ ಹೋಗಿದ್ದಾನಂತೆ. ಸಾವ್ಕಾರರು ತಗಡಿನ ಮಾಡಿನ ಖೋಲಿ ಕಟ್ಟಿಸಿದರು. ಸಾಹೇಬನೊಡನೆ ಇಂಗ್ಲಿಷಿನಲ್ಲಿ ಮಾತಾಡಬಲ್ಲ ಹೆಣ್ಣುಮಗಳು ಬೇಕೆಂದು ಇವರನ್ನು ಕೇಳಿದರು. ಅನಂತಮತಿಯನ್ನೂ ಕರೆದುಕೊಂಡು ಹೋಗಬಹುದು. ನಾನು ಒಪ್ಪಿಕೊಂಡೆ.

ಈ ಕೆಲಸ ಇಷ್ಟು ವರ್ಷ ಮಾಡುತ್ತಿದ್ದವಳು ಲಗಮವ್ವನೆಂಬ ಮುದುಕಿ. ಹುಣಸೆ ಗಿಡದ ಕೆಳಗೆ ಕೂಸುಗಳನ್ನು ಕಾಯುತ್ತಿದ್ದವಳು ಅವಳೇ. ಸಾವ್ಕಾರರು ಎಲ್ಲರ ಎದುರು ಅವಳಿಗೆ, "ಇನ್ನ ಮ್ಯಾಲ ಈ ಬಾಯಾರು ಹೇಳಿದಂಗ ಕೇಳಬೇಕು ನೋಡವಾ, ಬಿ.ಏ. ಮಾಡ್ಯಾರ" ಎಂದರು. ಲಗಮವ್ವ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ ಕೇಳಿದಳು: "ಹಂಗಂದ್ರ ಎಷ್ಟು ಹಡದಂಗ್ರಿ?"

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ಅಪ್ಪ ಸುದ್ದಿ ಕೇಳಿ ಗೋಕಾಕದಿಂದ ಕರದಂಟು ತಂದು ಜಿನ್ನಿನ ಗುಮಾಸ್ತರಿಗೆಲ್ಲ ಹಂಚಿ ಹೋದರು. ಸಾಂಗ್ಲಿಯ ಕಾಲೇಜಿಗೆ ಕಳಿಸಿದ್ದು ಸಾರ್ಥಕವಾಯಿತೆಂದು ಹೇಳುತ್ತಿದ್ದರು. ನೀನೂ ಒಂದು ಮಾತು ಬರೆ. ಅಪ್ಪನ ಮಾತಿಗಿಂತ ನಿನ್ನ ಮಾತು ನನಗೆ ಬೇಕು.

ನಿನ್ನ ತಂಗಿ
ರಾಜಮತಿ

*

ಹುಕ್ಕೇರಿ
೨೦ ಜನವರಿ ೧೯೩೯

ತಂಗಿ ರಾಜಮತಿಗೆ ಪದ್ಮವ್ವನ ಆಶೀರ್ವಾದ. ನಿನ್ನಂಗ ಬರಿಯಾಕ ನನಗ ಬರಂಗಿಲ್ಲ. ಮಾತಾಡಿದಂಗ ಬರಿತೇನಿ, ನಿನಗ ನಗು ಬಂದ್ರ ನಗು.

ಕೆಲಸ ಸಿಕ್ಕದ್ದು ಚಲೋ ಆತು. ನಿನ್ನ ಭಾವಗ ಹೇಳಿದೆ. ಅವರು ಅರಿವಿ ಅಂಗಡಿಯಾಗ ಕುಂತು ಬಂದವರಿಗೆಲ್ಲ, ನಮ್ಮ ನಾದಿನಿ ಸಾಹೇಬನ ಕೂಡ ಇಂಗ್ಲಿಷ್ ಮಾತಾಡ್ತಾಳ ಅಂತ ಹೇಳಾಕತ್ತಾರ. ನೀ ಇನ್ನೂ ಮಾತಾಡೇ ಇಲ್ಲ.

ಕೂಸು ಮಲಗವಲ್ದು ಅಂತ ಬರದಿ. ಇದಕ್ಕ ಇಷ್ಟು ಚಿಂತಿ ಯಾಕ? ಒಂದೀಟ ಅಫೀಮು ಮೊಲಿಹಾಲಾಗ ತೇದು ನಾಲಿಗಿಗೆ ಹಚ್ಚು. ನನ್ನ ನಾಕೂ ಮಕ್ಕಳನ್ನ ಹಂಗ ಬೆಳಸೇನಿ. ವಿಷ ಅನಬ್ಯಾಡ. ನಿನಗೂ ಹಚ್ಚೇನಿ. ಅವ್ವ ಹೊಲಕ್ಕ ಹೋಗತಿದ್ಳು, ನಿನ್ನ ತೊಟ್ಟಿಲ ತೂಗಾಕಂತ ಅಪ್ಪ ನನ್ನ ಸಾಲಿ ಬಿಡಿಸಿದ. ಮೂರನೇ ಇಯತ್ತೆದಾಗ ನಾನ ಪಹಿಲಾ ಇದ್ದೆ. ಮಾಸ್ತರು ಮನೀಗೆ ಬಂದು ಕೇಳಿಕೊಂಡ್ರೂ ಅಪ್ಪ, "ಈಕಿ ಸಾಲಿಗೆ ಹ್ವಾದ್ರ ಕೂಸು ನೀವು ಆಡಸ್ತೀರೇನ್ರಿ?" ಅಂದ. ಮಾಸ್ತರು ಚಹಾ ಕುಡದು ಹ್ವಾದ್ರು. ನೀ ಅತ್ತಾಗೆಲ್ಲ ನಾ ಹಚ್ಚತಿದ್ದೆ. ಆದ್ರೂ ನೀ ಬಿ.ಏ. ಆಗಲಿಲ್ಲೇನು?

ಸಿಟ್ಟಿಲೆ ಬರದಾಳ ಅನಕೋಬ್ಯಾಡ. ಸಿಟ್ಟು ಐತಿ, ಖರೆ ನಿನ್ನ ಮ್ಯಾಲ ಅಲ್ಲ.

ಆ ಮುದುಕಿ ಕೂಡ ಬರೋಬರಿ ಇರು. ಆಕಿ ಕುರ್ಚಿ ಮ್ಯಾಲ ನೀ ಕುಂತಿ. ಕುರ್ಚಿ ಇರಲಿಲ್ಲ ಅಂತಿ, ಗೊತ್ತೈತಿ. ಇದ್ದಂಗ ಇತ್ತು.

ಪದ್ಮವ್ವ

*

ಮೂಡಲಗಿ
೫ ಫೆಬ್ರವರಿ ೧೯೩೯

ಅಕ್ಕಾ,

ನಿನ್ನ ಕಾಗದ ಓದಿದೆ. ಸಾಲಿಯ ಮಾತು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಅದರ ಬಗ್ಗೆ ಏನು ಬರೆಯಬೇಕೋ ತಿಳಿಯದೆ ಇಷ್ಟು ದಿನ ಸುಮ್ಮನಿದ್ದೆ. ಈಗಲೂ ತಿಳಿದಿಲ್ಲ.

ಅಫೀಮಿನ ವಿಷಯ ಮಾತ್ರ ಬರೆಯಲೇಬೇಕು. ಖೋಲಿಯಲ್ಲಿ ಮೊದಲ ವಾರ ನನಗೆ ಬಹಳ ಹಿಗ್ಗಾಗಿತ್ತು. ಸಾಲಾಗಿ ಕಟ್ಟಿದ ಜೋಳಿಗೆಗಳಲ್ಲಿ ಕೂಸುಗಳು ಮಲಗಿದರೆ ಮಧ್ಯಾಹ್ನದವರೆಗೆ ಒಂದೂ ಕಿಟಿಕ್ ಎನ್ನುತ್ತಿರಲಿಲ್ಲ. ನನ್ನ ಅನಂತಮತಿಯೊಬ್ಬಳೇ ಅಳುವವಳು. ಲಗಮವ್ವನ ಕೈಗುಣ ಎಂದುಕೊಂಡೆ. ಒಂದು ದಿನ ಸ್ವಲ್ಪ ಬೇಗ ಹೋದಾಗ ಅವಳು ಸಾಣೆಕಲ್ಲಿನ ಮೇಲೆ ಕಪ್ಪಗಿನದೇನೋ ತೇಯುತ್ತಿದ್ದಳು. ಬಾಜೂಕ ಕೂಸುಗಳ ಸಾಲು.

"ಇದೇನು, ಲಗಮವ್ವ?"

"ನಿದ್ದಿರಿ" ಎಂದಳು, ತಲೆ ಎತ್ತದೆ.

ಅಕ್ಕಾ, ಕೆಲವು ಕೂಸುಗಳ ಕೈಕಾಲು ನೀನು ನೋಡಬೇಕು. ಎಚ್ಚರವಿದ್ದಾಗಲೂ ಕಣ್ಣು ಅರ್ಧ ತೆರೆದೇ ಇರುತ್ತವೆ, ಹಾಲು ಕುಡಿಯುವುದನ್ನೇ ಮರೆತಂತೆ. ಇದು ವಿಷವೆಂದು ಕಾಲೇಜಿನಲ್ಲಿ ಓದಿದ್ದೇನೆ ಎಂದು ಹೇಳಿದೆ. "ವಿಷಾ ಆಗಿದ್ರ ಈ ಊರಾಗ ಇಷ್ಟು ಮಂದಿ ಹೆಂಗ ಅದಾರ್ರಿ ಬಾಯಾರ? ನಿಮ್ಮ ಸಾವ್ಕಾರನ್ನೂ ನಾನ ಮಲಗಿಸೇನಿ" ಎಂದಳು. ಡಬ್ಬಿ ಕಸಿದುಕೊಂಡೆ. "ಚೆಲ್ಲಬ್ಯಾಡ್ರಿ. ಹೆಣ್ಮಕ್ಕಳು ಕೂಡಿ ತಂದದ್ದೈತಿ, ಸುಗ್ಗಿ ಮುಗದ ಮ್ಯಾಲ ಅವರದು ಅವರಿಗೆ ಕೊಡ್ರಿ" ಎಂದಳು. ಅದಕ್ಕೇ ಚೆಲ್ಲದೆ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಕೀಲಿಕೈ ನನ್ನ ಸೊಂಟದಲ್ಲಿದೆ. ಯಾರೂ ಯಾವ ಕೂಸಿಗೂ ಅಫೀಮು ಕೊಡಕೂಡದೆಂದು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಿದ್ದೇನೆ. ಓದಲು ಬರುವವಳು ನಾನೊಬ್ಬಳೇ ಎಂದು ಆಮೇಲೆ ನೆನಪಾಗಿ ಬಾಯಿಂದಲೂ ಹೇಳಿದೆ.

ಮರುದಿನ ಕೆಲಸದ ಭೋಂಗಾ ಊದುವ ಹೊತ್ತಿಗೆ ಶುರುವಾಯಿತು. ಒಂದು ಕೂಸು ಅತ್ತರೆ ಎಲ್ಲವೂ ಅಳುತ್ತವೆ. ತಗಡಿನ ಮಾಡು ಆ ಸದ್ದನ್ನು ಹಿಡಿದು ತಲೆಯ ಮೇಲೆ ಸುರಿಯುತ್ತದೆ. ತಾಯಂದಿರು ಕೆಲಸ ಬಿಟ್ಟು ಓಡಿ ಬಂದರು. ಮುಕಾದಮ ಶೆಟ್ಟೆಪ್ಪ ಬಾಗಿಲಲ್ಲಿ ನಿಂತು, "ಬಾಯಾರ, ನಿಮ್ಮ ಕಾಲೇಜು ಬಂದ್ ಮಾಡ್ರಿ, ಇಲ್ಲಾ ನಮ್ಮ ಜಿನ್ನು ಬಂದ್ ಮಾಡ್ರಿ" ಎಂದ. ನಾಗನೂರಿನ ಯಲ್ಲವ್ವ ಎಂಬ ಹುಡುಗಿ, ನನಗಿಂತ ಚಿಕ್ಕವಳು, ತಲೆ ಹುಬ್ಬೆಲ್ಲ ಹತ್ತಿಯ ಜಿಂಜು, ತನ್ನ ಗಂಡುಕೂಸು ಕೇದಾರಿಯನ್ನು ಎದೆಗೆ ಹಚ್ಚಿಕೊಂಡು ನನ್ನ ಎದುರಿಗೇ ನಿಂತಳು.

"ನೀವು ನಿಮ್ಮ ಕೂಸು ಬಾಜೂಕ ಹಾಕ್ಕೊಂಡು ಕುಂದರತೀರಿ. ಇಂವ ಅತ್ತದ್ದು ಕೇಳಿದ್ರ ನನಗ ಹಾಲು ಸೋರತೈತಿ, ಕೈ ಯಂತ್ರದ ಬಾಯಾಗ ಇರತೈತಿ. ಕೈ ಹ್ವಾದ್ರ ನಿಮ್ಮ ಬಿ.ಏ. ನನಗ ಕೊಡ್ತೀರೇನು?"

ನಾನು ಸೊಂಟದ ಕೀಲಿಕೈ ಮುಟ್ಟಿ ನೋಡಿಕೊಂಡೆ. ಡಬ್ಬಿ ಕೊಡಲಿಲ್ಲ. ಲಗಮವ್ವ ಒಂದು ಕೂಸನ್ನು ಹೆಗಲಿಗೆ, ಒಂದನ್ನು ಕಾಲಿನ ಮೇಲೆ ಹಾಕಿಕೊಂಡು ತೂಗುತ್ತ ಕುಳಿತಿದ್ದಳು. ಅವಳ ಮುಖದಲ್ಲಿ ಸಂತೋಷವಿತ್ತೆಂದು ನನಗನ್ನಿಸಿತು. ನಿದ್ದೆ ಇಲ್ಲದವಳಿಗೆ ಹಾಗೆ ಕಾಣಿಸಿರಲೂಬಹುದು.

ನೀನು ಹಚ್ಚಿದ್ದಕ್ಕೆ ನನಗೆ ಸಿಟ್ಟಿಲ್ಲ. ನಾನು ಮಾತ್ರ ಹಚ್ಚಲಾರೆ.

ರಾಜಮತಿ

*

ಮೂಡಲಗಿ
೩ ಮಾರ್ಚ್ ೧೯೩೯

ಅಕ್ಕಾ,

ನಿನ್ನಿಂದ ಕಾಗದವಿಲ್ಲ. ಕೋಪವೇ?

ಖೋಲಿಯಲ್ಲಿ ಈಗ ಪರಿಸ್ಥಿತಿ ಸುಧಾರಿಸಿದೆ. ಬೆಳಿಗ್ಗೆ ಸ್ವಲ್ಪ ಹೊತ್ತು ಅಳುತ್ತವೆ, ಆಮೇಲೆ ತಾವಾಗಿಯೇ ಸುಮ್ಮನಾಗಿ ಮಲಗುತ್ತವೆ. ಎಲ್ಲವೂ ಅಲ್ಲ, ಹಲವು. ಯಲ್ಲವ್ವನ ಕೇದಾರಿಯಂತೂ ಬಿಸಿಲು ಏರುವುದರೊಳಗೆ ಕಣ್ಣು ಮುಚ್ಚುತ್ತಾನೆ. ವೇಳೆಗೆ ಸರಿಯಾಗಿ ಹಾಲು, ವೇಳೆಗೆ ಸರಿಯಾಗಿ ಜೋಳಿಗೆ, ಇಷ್ಟೇ ನಾನು ಮಾಡಿದ್ದು. ಕೂಸುಗಳಿಗೂ ಶಿಸ್ತು ರೂಢಿಯಾಗುತ್ತದೆಂದು ಪುಸ್ತಕದಲ್ಲಿ ಓದಿದ್ದು ಖರೆಯಾಯಿತು. ತಾಯಂದಿರೂ ಈಗ ನನ್ನೊಡನೆ ಜಗಳಾಡುವುದಿಲ್ಲ. ಗೇಟಿನಲ್ಲಿ ಮೊಲೆಯೂಡಿಸಿ, ಕೂಸನ್ನು ಒಪ್ಪಿಸಿ, ನನ್ನ ಮುಖ ನೋಡದೆ ಒಳಗೆ ಹೋಗುತ್ತಾರೆ. ಲಗಮವ್ವ ಕೂಡ, "ಏನೋ ರೂಢಿ ಆಗ್ಯಾವ ಬಿಡ್ರಿ" ಎಂದಳು. ಅವಳ ಬಾಯಿಂದ ಇಷ್ಟು ಬಂದದ್ದು ದೊಡ್ಡ ಮಾತು.

ರೂಢಿಯಾಗದವಳು ನನ್ನ ಮಗಳೊಬ್ಬಳೇ. ಕೆಲವೊಮ್ಮೆ ಗೋಡೆಗೆ ಹಚ್ಚಿದ ನನ್ನದೇ ಅಕ್ಷರಗಳು ಕಣ್ಣಿಗೆ ಎರಡೆರಡಾಗಿ ಕಾಣುತ್ತವೆ.

ಇನಸ್ಪೆಕ್ಟರ ಸಾಹೇಬ ಈ ತಿಂಗಳು ಬರುತ್ತಾನಂತೆ. ಸಾವ್ಕಾರರು ದಿನಾ ಬಂದು ಖೋಲಿ ನೋಡಿ ಹೋಗುತ್ತಾರೆ.

ರಾಜಮತಿ

*

ಮೂಡಲಗಿ
೨೨ ಮಾರ್ಚ್ ೧೯೩೯

ಅಕ್ಕಾ,

ಕೆಟ್ಟ ಸುದ್ದಿ. ಯಲ್ಲವ್ವನ ಕೇದಾರಿ ತೀರಿಕೊಂಡ.

ಸಾಹೇಬ ಬಂದ ದಿನವೇ. ಮುಂಜಾನೆ ಭೋಂಗಾ ಆದ ಮೇಲೆ ಬಂದ. ಖೋಲಿ ನೋಡಿ ಮೆಚ್ಚಿದ, ನನ್ನೊಡನೆ ಮಾತಾಡಿದ, ಪುಸ್ತಕದಲ್ಲಿ ತನ್ನ ಅಭಿಪ್ರಾಯದ ಶೆರಾ ಬರೆದು ಹೋದ. ಮಧ್ಯಾಹ್ನ ಯಲ್ಲವ್ವ ಮೊಲೆಯೂಡಿಸಲು ಬಂದಾಗ ಹುಡುಗ ಏಳಲಿಲ್ಲ. ತುಟಿ ನೀಲಿಯಾಗಿತ್ತು. ಲಗಮವ್ವ ಅಂಗಾಲು ತಿಕ್ಕಿದಳು, ನೀರು ಚಿಮುಕಿಸಿದಳು, ತಲೆಕೆಳಗೆ ಮಾಡಿ ಬೆನ್ನು ತಟ್ಟಿದಳು. ಇವರು ಹತ್ತಿಯ ಲಾರಿ ತೆಗೆಸಿದರು. ಗೋಕಾಕದ ಡಾಕ್ಟರರ ಹತ್ತಿರ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಡಾಕ್ಟರರು ಕಣ್ಣಿನ ಪಾಪೆ ನೋಡಿ ಅಫೀಮು ಎಂದರು. ಉಳಿದ ಕೂಸುಗಳಲ್ಲಿಯೂ ಕೆಲವು ಸಂಜೆಯ ತನಕ ಏಳಲಿಲ್ಲ. ಅವು ಬದುಕಿದವು.

ಪೋಲೀಸ ಫೌಜದಾರರು ಬಂದು ಯಾರು ಕೊಟ್ಟರೆಂದು ಕೇಳಿದರು. ಲಗಮವ್ವ ತಾನೆಂದಳು. ಎಷ್ಟೆಂದು ಕೇಳಿದರು. ಯಾವತ್ತಿನಷ್ಟೆಂದಳು. ನನ್ನ ಕಡೆಗೆ ತಿರುಗಿ, "ಕೊಡಬಾರದಂತ ನೀವು ಹೇಳಿದ್ದಿರಿ, ಹೌದಲ್ಲ?" ಎಂದು ಗೋಡೆಯ ಕಾಗದ ತೋರಿಸಿದರು. ಹೌದೆಂದೆ. ಮತ್ತೇನೂ ಕೇಳಲಿಲ್ಲ. ನನಗೆ ಕುರ್ಚಿ ಹಾಕಿಸಿದ್ದರು.

ಲಗಮವ್ವನ ಮೇಲೆ ಖಟ್ಲೆ ಆಗುತ್ತದೆ. ಮುಂದಿನ ತಿಂಗಳು ಗೋಕಾಕದ ಮ್ಯಾಜಿಸ್ಟ್ರೇಟರ ಕಚೇರಿಯಲ್ಲಿ. ಸಜಾ ಆಗಬಹುದೆಂದು ಇವರು ಹೇಳುತ್ತಾರೆ. ನಾನು ಸಾಕ್ಷಿ.

ಅನಂತಮತಿ ಚೆನ್ನಾಗಿದ್ದಾಳೆ.

ರಾಜಮತಿ

*

ಹುಕ್ಕೇರಿ
೨೯ ಮಾರ್ಚ್ ೧೯೩೯

ರಾಜವ್ವಾ,

ನಿನ್ನ ಕಾಗದ ಮತ್ತ ಮತ್ತ ಓದಿದೆ. ಆ ಹುಡುಗಿ ಹಡದ ಹೊಟ್ಟಿ ನೆನಸಿಕೊಂಡು ಎರಡು ದಿನ ಕೂಳು ಸೇರಲಿಲ್ಲ.

ನಾ ಮೂರನೇ ಇಯತ್ತೆದಾಕಿ, ಖರೆ ನಿನ್ನ ಬಾಲ್ಯಾದಿಂದ ಬಲ್ಲಾಕಿ. ನೀ ಸಣ್ಣಾಕಿದ್ದಾಗ ಏನರ ಮುರದ್ರ, ಅದೊಂದು ಬಿಟ್ಟು ಮಿಕ್ಕದ್ದೆಲ್ಲ ಹೇಳತಿದ್ದಿ. ಈ ಕಾಗದದಾಗ ಸಾಹೇಬ ಅದಾನ, ಡಾಕ್ಟರ ಅದಾನ, ಕುರ್ಚಿನೂ ಐತಿ. ಡಬ್ಬಿ ಇಲ್ಲ. ಡಬ್ಬಿ ಕಪಾಟಿನಾಗ ಇತ್ತು, ಕೀಲಿಕೈ ನಿನ್ನ ಸೊಂಟದಾಗ ಇತ್ತು ಅಂತ ನೀನ ಬರದಿದ್ದಿ. ಮುದುಕಿ ಕೈಗೆ ಅದು ಹೆಂಗ ಬಂತು?

ಬರಿಬ್ಯಾಡ ಅನಿಸಿದ್ರ ಬರಿಬ್ಯಾಡ. ನಿನಗೂ ಕೂಸೈತಿ, ಗಂಡಗ ಅಲ್ಲೇ ನೌಕರಿ ಐತಿ, ಅಪ್ಪ ಊರ ತುಂಬ ಎದಿ ಉಬ್ಬಿಸಿಕೊಂಡು ತಿರಗತಾನ. ಬಾಯಿ ಮುಚ್ಚಿಕೊಂಡಿರು ಅಂತ ಬರಿಯಾಕ ಕುಂತಿದ್ದೆ. ಬರಿಯಾಕ ಆಗಲಿಲ್ಲ.

ಕೋಪ ಇರಲಿಲ್ಲ. ಸಣ್ಣವಗ ಜ್ವರ ಇತ್ತು, ಅದಕ್ಕ ಬರದಿರಲಿಲ್ಲ.

ನಿಮ್ಮಕ್ಕ

*

ಮೂಡಲಗಿ
೮ ಏಪ್ರಿಲ್ ೧೯೩೯

ಅಕ್ಕಾ,

ನಾನೇ ಕೊಡಿಸಿದೆ.

ಅಂದು ಬೆಳಿಗ್ಗೆ ಸಾಹೇಬನ ಮೋಟಾರು ಗೇಟಿನ ಹತ್ತಿರ ಬಂದಿತ್ತು. ಅದು ಕೂಸುಗಳು ಅಳುವ ಹೊತ್ತೇ. ಸಾವ್ಕಾರರು ಒಳಗೆ ಬಂದು, "ಏನ್ರಿ ಇದು ಬಾಯಾರ, ಸಂತಿ ನೆರದಂಗ. ನಿಮ್ಮನ್ನ ತಂದು ಕುಂದರಿಸಿದ್ದು ಇದಕ್ಕೇನು?" ಎಂದರು. ಇವರು ಅವರ ಹಿಂದೆ ತಲೆ ತಗ್ಗಿಸಿ ನಿಂತಿದ್ದರು. ನಾನು ಕಪಾಟು ತೆಗೆದೆ. ಲಗಮವ್ವನ ಕೈಗೆ ಡಬ್ಬಿ ಕೊಟ್ಟು, "ಇವತ್ತೊಂದು ದಿನ" ಎಂದೆ. ಅವಳು ನನ್ನ ಮುಖ ನೋಡಿ ಸಣ್ಣಗೆ ನಕ್ಕಳು. ಗೆದ್ದವರ ನಗು. ಲಗುಬಗೆಯಿಂದ ತೇದು ಎಲ್ಲ ನಾಲಿಗೆಗೂ ಹಚ್ಚಿದಳು. "ಇಕೀಗೂ ಹಚ್ಚಲ್ರಿ?" ಎಂದು ಅನಂತಮತಿಯನ್ನು ತೋರಿಸಿದಳು. ಹೂಂ ಎಂದೆ.

ಸಾಹೇಬ ನನ್ನ ಇಂಗ್ಲಿಷನ್ನು ಹೊಗಳಿದ. ಖೋಲಿಯಲ್ಲಿ ಹತ್ತಿ ಹಾರುವ ಸದ್ದು ಕೇಳುವಷ್ಟು ಶಾಂತಿ ಇತ್ತು. ಅವನು ಹೋದ ಮೇಲೆ ನಾನು ಕುರ್ಚಿಯಲ್ಲಿ ಕುಳಿತೆ. ಲಗಮವ್ವ ತಾಯಂದಿರ ರೊಟ್ಟಿಗಂಟುಗಳನ್ನು ನೆರಳಿಗಿಡಲು ಹೊರಗೆ ಹೋದಳು. ನನ್ನ ಮಗಳು ಮಲಗಿದ್ದಳು, ಅಕ್ಕಾ. ಎಲ್ಲ ಕೂಸುಗಳೂ ಮಲಗಿದ್ದವು. ನಾನೂ ಮಲಗಿದೆ. ಹೆತ್ತ ದಿನದಿಂದ ಅಂಥ ನಿದ್ದೆ ಬಂದಿರಲಿಲ್ಲ. ಯಲ್ಲವ್ವನ ದನಿಗೆ ಎಚ್ಚರವಾಯಿತು.

ಇದನ್ನು ನಿನಗೆ ಬರೆಯುವ ಮೊದಲು ಅವಳಿಗೆ ಹೇಳಬೇಕೆನ್ನಿಸಿ ನಿನ್ನೆ ನಾಗನೂರಿಗೆ ಹೋಗಿದ್ದೆ. ಯಲ್ಲವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಏಳಲೂ ಇಲ್ಲ, ಕೂಡಲು ಹೇಳಲೂ ಇಲ್ಲ. ನಾನು ನಿಂತುಕೊಂಡೇ ಹೇಳಿದೆ. ಲಗಮವ್ವನಿಗೆ ನಾನೇ ಹೇಳಿ ಕೊಡಿಸಿದೆನೆಂದೆ.

ಮೊರ ಕೆಳಗಿಟ್ಟಳು. "ನೀವು ಹೇಳಿದ್ರಿ? ಖರೆ?"

"ಖರೆ."

ಸಿಟ್ಟಾಗುತ್ತಾಳೆ, ಬೈಯುತ್ತಾಳೆ ಎಂದು ಕಾದೆ. ಅವಳು ಬಾಗಿಲ ಕಡೆಗೆ ನೋಡಿದಳು, ಒಳಗೆ ಅತ್ತೆ ಇದ್ದಾಳೇನೋ ಎಂಬಂತೆ. ಆಮೇಲೆ ಪಿಸುಗುಟ್ಟಿದಳು. "ಅವತ್ತ ಮುಂಜಾನೆ ಗೇಟಿನಾಗ ನಾನೂ ಹಚ್ಚಿದ್ನಿರಿ. ದಿನಾ ಹಚ್ಚತಿದ್ದೆ. ಭಾಳ ಮಂದಿ ಹಚ್ಚತಿದ್ರು. ನೀವು ಕೊಡಂಗಿಲ್ಲಂದ್ರೆಲ್ಲ."

"ಲಗಮವ್ವಗ ಗೊತ್ತಿರಲಿಲ್ಲೇನು?"

"ಆಕೀಗೆ ಹೇಳಿದ್ರ ಆಕಿ ನಿಮ್ಮ ಮುಂದ ಸುಳ್ಳು ಹೇಳಬೇಕಿತ್ತು. ನೀವು ಆಕೀನ ತಗದಬಿಡತಿದ್ರಿ. ಅದಕ್ಕ ಯಾರೂ ಹೇಳಲಿಲ್ಲ."

ನಾನು ಶಿಸ್ತು ಎಂದು ನಿನಗೆ ಬರೆದದ್ದು ಇದನ್ನೇ, ಅಕ್ಕಾ.

ಅವಳು ನನ್ನ ಸೆರಗು ಹಿಡಿದುಕೊಂಡಳು. ಗಂಡನಿಗೆ ಗೊತ್ತಿಲ್ಲ, ಅತ್ತೆಗೆ ಗೊತ್ತಿಲ್ಲ. ಗೊತ್ತಾದರೆ ಮಗನನ್ನು ಕೊಂದವಳೆಂದು ತವರಿಗೆ ಅಟ್ಟುತ್ತಾರೆ, ಇನ್ನೊಬ್ಬಳನ್ನು ತರುತ್ತಾರೆ. "ಯಾರ ಮುಂದೂ ಅನಬ್ಯಾಡ್ರಿ ಬಾಯಾರ. ನಿಮ್ಮ ಕೂಸಿನ ಆಣಿ ಐತಿ." ಅನಂತಮತಿ ನನ್ನ ಕಂಕುಳಲ್ಲೇ ಇದ್ದಳು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ನಿನಗೆ ಬರೆಯುತ್ತಿರುವುದೂ ತಪ್ಪೇ. ಈ ಕಾಗದವನ್ನು ಒಲೆಗೆ ಹಾಕು.

ಒಂದೇ ದಾರಿ ಕಾಣುತ್ತಿದೆ. ಕಚೇರಿಯಲ್ಲಿ, ನಾನೇ ಕೊಡಿಸಿದೆ, ತಪ್ಪು ನನ್ನದು ಎಂದು ಹೇಳಿಬಿಡುತ್ತೇನೆ. ಲಗಮವ್ವ ಬಿಡುಗಡೆಯಾಗುತ್ತಾಳೆ, ಯಲ್ಲವ್ವನ ಮಾತು ಬರುವುದಿಲ್ಲ. ಸಾವ್ಕಾರರಿಗೆ ಹೇಳಿ, ಕಪಾಟಿನ ಕೀಲಿಕೈ ಅವರ ಮೇಜಿನ ಮೇಲಿಟ್ಟು ಬಂದೆ. "ನಿದ್ದಿಗೆಟ್ಟು ನಿಮ್ಮ ತಲಿ ತಿರಗೈತಿ. ಶೆರಾ ಚಲೋ ಬಂದೈತಿ, ಮುಂದಿನ ಸುಗ್ಗಿಗೂ ನೀವ ಬೇಕು" ಎಂದರು. ಇವರು ಮನೆಯಲ್ಲಿ ಮಾತಾಡುತ್ತಿಲ್ಲ. ಊಟಕ್ಕೆ ಕೂತಾಗ ಒಮ್ಮೆ, "ಹೇಳೋದ ಖರೆ ಇದ್ರ ಹೇಳು" ಎಂದಷ್ಟೇ ಅಂದರು.

ರಾಜಮತಿ

*

ಗೋಕಾಕ, ಅಪ್ಪನ ಮನೆ
೨೬ ಏಪ್ರಿಲ್ ೧೯೩೯

ಅಕ್ಕಾ,

ಇಂದು ಕಚೇರಿ ಮುಗಿಯಿತು. ಅಪ್ಪ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಮಗಳು ತೊಡೆಯ ಮೇಲಿದ್ದಾಳೆ. ಒಂದೇ ಕೈಯಿಂದ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಾದರೆ ಓದಿಕೋ.

ನಾನು ಹೇಳಬೇಕೆಂದದ್ದನ್ನೆಲ್ಲ ಹೇಳಿದೆ. ಕಪಾಟು ತೆಗೆದದ್ದು ನಾನು, ಡಬ್ಬಿ ಕೊಟ್ಟದ್ದು ನಾನು, ಹಚ್ಚು ಎಂದದ್ದು ನಾನು. ಮ್ಯಾಜಿಸ್ಟ್ರೇಟರು ಲೇಖನಿ ಕೆಳಗಿಟ್ಟು ಆಲಿಸಿದರು. ಅವರ ಮುಖದಲ್ಲಿ ಮರುಕವಿತ್ತು, ಹಳೆಯ ಮಾಸ್ತರರು ಜಾಣ ಹುಡುಗಿಯನ್ನು ನೋಡುವಂತೆ. ಜಿನ್ನಿನ ವಕೀಲರು ಎದ್ದು, ಬಾಯಿಯವರು ಬಾಣಂತನದಿಂದಲೂ ನಿದ್ದೆಗೆಟ್ಟವರು, ಆ ದಿನ ಖೋಲಿಯಲ್ಲೇ ಮಂಪರಿನಲ್ಲಿದ್ದರು, ಮುದುಕಿ ಸೊಂಟದಿಂದ ಕೀಲಿ ತೆಗೆದದ್ದು ಅವರಿಗೆ ಗೊತ್ತಾಗಿಲ್ಲ, ಈಗ ಕನಿಕರದಿಂದ ತಮ್ಮ ಮೇಲೆ ಹಾಕಿಕೊಳ್ಳುತ್ತಿದ್ದಾರೆ ಎಂದರು. "ಪದವೀಧರ ಹೆಣ್ಣುಮಗಳು, ಅದೂ ತಾಯಿ, ತನ್ನ ಕೂಸಿಗೂ ಅಫೀಮು ಹಚ್ಚಿಸಿದಳೆಂದರೆ ಯಾರಾದರೂ ನಂಬುತ್ತಾರೆಯೇ?" ಎಂದು ಕೇಳಿದರು. ಕಚೇರಿಯಲ್ಲಿ ಯಾರೂ ನಂಬಿದಂತೆ ಕಾಣಲಿಲ್ಲ.

ನಾನು ಕಟಕಟೆ ಹಿಡಿದುಕೊಂಡು, ಅದು ಖರೆ ಎಂದೆ. ಮ್ಯಾಜಿಸ್ಟ್ರೇಟರು ಲಗಮವ್ವನ ಕಡೆಗೆ ತಿರುಗಿದರು.

"ಬಾಯಿಯವರು ಹೇಳಿದ್ದು ನಿಜವೇನು? ಅವರು ಹೇಳಿದ್ದಕ್ಕೆ ಕೊಟ್ಟೆಯಾ?"

ಹೂಂ ಎಂದಿದ್ದರೆ ಸಾಕಿತ್ತು, ಅಕ್ಕಾ. ನಮ್ಮಿಬ್ಬರ ಮಾತೂ ಒಂದಾಗುತ್ತಿತ್ತು. ಲಗಮವ್ವ ಸೆರಗು ಸರಿಪಡಿಸಿಕೊಂಡಳು.

"ಇಲ್ಲರಿ ಸರಕಾರ. ಬಾಯಾರು ಬ್ಯಾಡಂತಿದ್ರು. ಕೀಲಿ ತಗದದ್ದು ನಾನ. ಕೊಟ್ಟದ್ದೂ ನಾನ."

ಎರಡು ತಿಂಗಳ ಸಜಾ ಆಯಿತು. ವಯಸ್ಸಾದವಳೆಂದು ಕಡಿಮೆ ಮಾಡಿದ್ದಾರಂತೆ. ಆ ಹೊತ್ತಿನಲ್ಲಿಯೂ ನಾನು ಎದ್ದು ಇನ್ನೊಂದು ಮಾತು ಹೇಳಬಹುದಿತ್ತು. ಯಲ್ಲವ್ವ ಹಿಂದಿನ ಬೆಂಚಿನಲ್ಲಿ ಗಂಡ, ಅತ್ತೆಯ ನಡುವೆ ಕುಳಿತಿದ್ದಳು. ನಾನು ಕುಳಿತೆ.

ಹೊರಗೆ ಬೇವಿನ ಗಿಡದ ಕೆಳಗೆ ಪೋಲೀಸಿನವನು ಅವಳಿಗೆ ನೀರು ಕುಡಿಯಲು ಬಿಟ್ಟಿದ್ದ. ನಾನು ಹತ್ತಿರ ಹೋಗಿ, ಯಾಕೆ ಹೀಗೆ ಮಾಡಿದೆ, ಲಗಮವ್ವ, ಎಂದು ಕೇಳಿದೆ. ನನಗೆ ಅಳು ಬಂದಿತ್ತು. ಅವಳಿಗೆ ಬಂದಿರಲಿಲ್ಲ.

"ಮತ್ತೇನನ್ಲಿ? ಆ ಊರಾಗ ಅರ್ಧಾ ಮಂದಿ ನನ್ನ ಕಾಲ ಮ್ಯಾಲ ಮಲಕೊಂಡು ದೊಡ್ಡವರಾಗ್ಯಾರ. ನಿನ್ನೆ ಬಂದ ಹುಡುಗಿ ಹಚ್ಚು ಅಂದ್ಳು, ಲಗಮವ್ವ ಹಚ್ಚಿದ್ಳು, ಅಂತ ಅವರು ಅನಬೇಕೇನು? ನೀವು ಹೇಳಿದ್ದಕ್ಕ ಹಚ್ಚಿಲ್ಲ ನಾ. ನನ್ನ ಕೆಲಸ ನನಗ ಗೊತ್ತಿತ್ತು ಅಂತ ಹಚ್ಚೇನಿ."

"ಆದರೆ ಹೇಳಿದ್ದು ನಾನಲ್ಲವೇ?"

"ನೀವು ಹೇಳಿದ್ರಿ. ನಿಮ್ಮ ಮಾತಿಗೆ ಸಜಾ ಇಲ್ಲರಿ. ಕಚೇರ್ಯಾಗ ಎಲ್ಲರೂ ನೋಡಿದ್ರಲ್ಲ."

ತಂಬಿಗೆಯನ್ನು ಪೋಲೀಸಿನವನಿಗೆ ಕೊಟ್ಟು ಬಾಯಿ ಒರೆಸಿಕೊಂಡಳು. ಆಮೇಲೆ ನನ್ನ ಹತ್ತಿರಕ್ಕೆ ಸರಿದು ದನಿ ಇಳಿಸಿದಳು. ಅಷ್ಟು ದಿನದಲ್ಲಿ ಆ ದನಿ ನಾನು ಕೇಳಿರಲಿಲ್ಲ.

"ಒಂದು ಮಾತು ಹೇಳ್ರಿ ಬಾಯಾರ. ನಾ ಹಚ್ಚಿದ್ದು ಯಾವತ್ತಿನಷ್ಟ. ಒಂದ ಕೂದಲೆಳಿ ಹೆಚ್ಚಿಲ್ಲ. ಕಣ್ಣು ಮುಚ್ಚಿದ್ರೂ ನನ್ನ ಬೆರಳಿಗೆ ಗೊತ್ತಾಕ್ಕೈತಿ. ಅಂವಗ ನೆಗಡಿ ಇರಲಿಲ್ಲ, ಹೊಟ್ಟಿ ಕೆಟ್ಟಿರಲಿಲ್ಲ. ಹಂಗಿದ್ರ ಅಂವ ಯಾಕ ಹ್ವಾದ? ದಿನಾ ಅದ ವಿಚಾರ. ನನ್ನ ಕೈಯ ನನಗ ಬ್ಯಾರೇದವರದು ಅನಸಾಕತ್ತೈತಿ. ನೀವು ಕಲತಾರು. ಹೇಳ್ರಿ, ಯಾಕ ಹ್ವಾದ?"

ಯಲ್ಲವ್ವ ಗಿಡದ ಆಚೆಗೆ ನಿಂತಿದ್ದಳು. ಗಂಡ ಗಾಡಿ ಕಟ್ಟುತ್ತಿದ್ದ. ಅವಳಿಗೆ ಎಲ್ಲ ಕೇಳಿಸಿತ್ತು. ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ, ಲಗಮವ್ವ" ಎಂದೆ.

ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ನಾನು ಕಣ್ಣು ತಪ್ಪಿಸಲಿಲ್ಲ. ತಪ್ಪಿಸಿದ್ದರೆ ಅವಳಿಗೆ ಗೊತ್ತಾಗುತ್ತಿತ್ತು.

"ನಿಮಗೂ ಗೊತ್ತಿಲ್ಲೇನು" ಎಂದಳು. ಬಿಗಿದಿದ್ದ ಅವಳ ಹೆಗಲುಗಳು ಮೆಲ್ಲನೆ ಇಳಿದವು. ಎಷ್ಟೋ ದಿನದಿಂದ ಹೊತ್ತದ್ದನ್ನು ಕೆಳಗಿಟ್ಟಂತೆ ಉಸಿರು ಬಿಟ್ಟಳು. "ಇಷ್ಟು ಕಲತವರಿಗೇ ಗೊತ್ತಿಲ್ಲಂದ್ರ ಆತು ಬಿಡ್ರಿ. ಅಂವನ ಆಯುಷ್ಯಾ ಅಷ್ಟ ಇತ್ತು."

ಪೋಲೀಸಿನವನು ಕರೆದ. ಅವಳು ಸಮಾಧಾನದಿಂದ ಅವನ ಹಿಂದೆ ನಡೆದು ಹೋದಳು.

ರಾಜಮತಿ